ಆಹಾರ ಸರಬರಾಜು ಸರಪಳಿಯಲ್ಲಿ ಡಿಜಿಟಲ್ ತಂತ್ರಜ್ಞಾನ ಮತ್ತು ವಂಚನೆಯ ಪತ್ತೆ: ಕಿಲೋ ಲೆಕ್ಕವೇ ಮೊದಲ ಸಾಕ್ಷಿ

ಪೀಠಿಕೆ

2005ನೆಯ ಇಸವಿಯ ಫೆಬ್ರವರಿ 18ರಂದು ಬ್ರಿಟನ್ನಿನ ಆಹಾರ ಮಾನಕ ಸಂಸ್ಥೆಯು ಒಂದು ಪ್ರಕಟಣೆಯನ್ನು ಹೊರಡಿಸಿತು. ಸೂಡಾನ್-1 ಎಂಬ, ಆಹಾರದಲ್ಲಿ ಬಳಸಲು ಅನುಮತಿಯಿಲ್ಲದ ಕೆಂಪು ಬಣ್ಣವು ಸೇರಿರುವ ನೂರಾರು ತಿನಿಸುಗಳನ್ನು ಅಂಗಡಿಗಳಿಂದ ಕೂಡಲೇ ಹಿಂಪಡೆಯಬೇಕೆಂಬುದು ಅದರ ಸಾರಾಂಶ. ದಿನಗಳು ಕಳೆದಂತೆ ಆ ಪಟ್ಟಿಯು ಬೆಳೆದು 400ಕ್ಕೂ ಹೆಚ್ಚು ಉತ್ಪನ್ನಗಳನ್ನು ಒಳಗೊಂಡಿತು. ಇಷ್ಟಕ್ಕೆಲ್ಲ ಮೂಲವಾದುದು 2002ರಲ್ಲಿ ಭಾರತದಿಂದ ಆಮದಾಗಿದ್ದ ಮೆಣಸಿನ ಪುಡಿ. ಆ ಪುಡಿಯನ್ನು ಒಂದು ಬಗೆಯ ಸಾಸಿಗೆ ಬಳಸಲಾಗಿತ್ತು. ಆ ಸಾಸನ್ನು ಸೂಪು, ಪಿಜ್ಜಾ, ಸಿದ್ಧ ಊಟದ ಪೊಟ್ಟಣ ಮೊದಲಾದವುಗಳಿಗೆ ಇತರ ತಯಾರಕರು ಬಳಸಿದ್ದರು.

ಈ ಪ್ರಸಂಗದಲ್ಲಿ ಎರಡು ಅಂಶಗಳು ಗಮನಾರ್ಹ. ಮೊದಲನೆಯದಾಗಿ, ಮಾಲು ರವಾನೆಯಾದ ಮೂರು ವರ್ಷಗಳ ಅನಂತರ ಪ್ರಶ್ನೆ ಎದ್ದಿತು. ಎರಡನೆಯದಾಗಿ, ಪಟ್ಟಿಯಲ್ಲಿದ್ದ ಬಹುಪಾಲು ತಯಾರಕರು ಮೆಣಸಿನ ಪುಡಿಯನ್ನು ಕಣ್ಣಿನಿಂದ ಕಂಡವರೂ ಅಲ್ಲ. ಸರಪಳಿಯ ಒಂದು ಕೊಂಡಿಯಲ್ಲಿ ಆದ ತಪ್ಪಿಗೆ ಎಲ್ಲ ಕೊಂಡಿಗಳೂ ಉತ್ತರ ಹೇಳಬೇಕಾಯಿತು.

ಇಂದು ಆಹಾರ ವ್ಯಾಪಾರದಲ್ಲಿ ಕ್ಯೂ.ಆರ್. ಸಂಕೇತ, ಬ್ಲಾಕ್‌ಚೈನ್, ಕೃತಕ ಬುದ್ಧಿಮತ್ತೆ ಎಂಬ ಪದಗಳು ದಿನನಿತ್ಯ ಕಿವಿಗೆ ಬೀಳುತ್ತಿವೆ. ಇವು ದೊಡ್ಡ ಕಂಪನಿಗಳ ಮಾತು, ನಮಗೇಕೆ ಎಂದು ನಮ್ಮ ಸದಸ್ಯರಲ್ಲಿ ಅನೇಕರು ಭಾವಿಸಿರುವುದುಂಟು. ಆದರೆ ಇದೇ ತಂತ್ರಜ್ಞಾನವನ್ನು ಈಗ ಕೊಳ್ಳುವವರೂ ಇಲಾಖೆಗಳೂ ನಮ್ಮನ್ನು ಅಳೆಯಲು ಬಳಸುತ್ತಿದ್ದಾರೆ. ಆದುದರಿಂದ ಅದು ಏನನ್ನು ಕಾಣಬಲ್ಲದು, ಏನನ್ನು ಕಾಣಲಾರದು, ಅದರ ಮುಂದೆ ಪ್ರಾಮಾಣಿಕ ವರ್ತಕನು ತನ್ನನ್ನು ಹೇಗೆ ಸಮರ್ಥಿಸಿಕೊಳ್ಳಬಹುದು ಎಂಬುದನ್ನು ಲೆಕ್ಕಪರಿಶೋಧಕನ ದೃಷ್ಟಿಯಿಂದ ವಿವರಿಸುವುದು ಈ ಲೇಖನದ ಉದ್ದೇಶ.

1. ಕಾಗದದಲ್ಲಿಯೇ ಇದ್ದ ಸುಳಿವು

ಆಹಾರ ವಂಚನೆಯ ಅಧ್ಯಯನದಲ್ಲಿ ಎಲ್ಲರೂ ಉದಾಹರಿಸುವುದು 2013ರ ಐರೋಪ್ಯ ಕುದುರೆಮಾಂಸ ಪ್ರಕರಣ. ಆ ವರ್ಷದ ಜನವರಿ 15ರಂದು ಐರ್ಲೆಂಡಿನ ಆಹಾರ ಸುರಕ್ಷತಾ ಪ್ರಾಧಿಕಾರವು, ದನದ ಮಾಂಸದ ಬರ್ಗರ್ ಎಂದು ಮಾರಾಟವಾಗುತ್ತಿದ್ದ 27 ಮಾದರಿಗಳ ಪೈಕಿ 10ರಲ್ಲಿ ಕುದುರೆಯ ಡಿ.ಎನ್.ಎ. ಕಂಡುಬಂದಿದೆ ಎಂದು ಪ್ರಕಟಿಸಿತು. ಅನಂತರ ಹಲವು ದೇಶಗಳಲ್ಲಿ ತನಿಖೆ ನಡೆದು, ರೊಮೇನಿಯಾದಿಂದ ಕುದುರೆಮಾಂಸವೆಂದೇ ಹೊರಟ ಮಾಲು ಮಧ್ಯವರ್ತಿಗಳ ಕೈ ದಾಟುವಾಗ ದನದ ಮಾಂಸವಾಗಿ ಮಾರ್ಪಟ್ಟಿತ್ತೆಂಬುದು ತಿಳಿದುಬಂದಿತು.

ಡಿ.ಎನ್.ಎ. ಪರೀಕ್ಷೆಯು ಮೋಸವನ್ನು ಬಯಲಿಗೆಳೆಯಿತೆಂಬುದು ನಿಜ. ಆದರೆ ಸುಳಿವು ಅದಕ್ಕೂ ಮೊದಲೇ ಕಾಗದದಲ್ಲಿತ್ತು. ಮಾಲಿನೊಂದಿಗೆ ಬಂದ ದಾಖಲೆಯಲ್ಲಿದ್ದ ಸುಂಕ ಸಂಕೇತವು ಕುದುರೆಮಾಂಸದ್ದಾಗಿತ್ತು, ಬೆಲೆಯೂ ಮಾರುಕಟ್ಟೆಯ ದನದ ಮಾಂಸದ ಬೆಲೆಗಿಂತ ಬಹಳ ಕಡಿಮೆಯಿತ್ತು ಎಂದು ಫ್ರಾನ್ಸ್ ಸರ್ಕಾರವು 2013ರ ಫೆಬ್ರವರಿಯಲ್ಲಿ ತಿಳಿಸಿತು. ಅಂತಾರಾಷ್ಟ್ರೀಯ ವರ್ಗೀಕರಣದಲ್ಲಿ ದನದ ಮಾಂಸವು 0201 ಮತ್ತು 0202ರಡಿ ಬರುತ್ತದೆ, ಕುದುರೆಮಾಂಸವು 0205. ನಾವು ಜಿ.ಎಸ್.ಟಿ. ಬಿಲ್ಲಿನಲ್ಲಿ ಪ್ರತಿದಿನ ಬರೆಯುವ ಎಚ್.ಎಸ್.ಎನ್. ಸಂಖ್ಯೆಯೂ ಇದೇ ವರ್ಗೀಕರಣದ್ದೇ. ಬಿಲ್ಲನ್ನು ಓದುವವನೊಬ್ಬನಿದ್ದರೆ ಪ್ರಯೋಗಾಲಯದವರೆಗೆ ಹೋಗುವ ಅಗತ್ಯವೇ ಇರಲಿಲ್ಲವೇನೋ.

ಈ ಪ್ರಕರಣದ ತರುವಾಯ ಬ್ರಿಟನ್ ಸರ್ಕಾರವು ಬೆಲ್‌ಫಾಸ್ಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಕ್ರಿಸ್ ಎಲಿಯಟ್ ಅವರಿಂದ ವರದಿ ಪಡೆದು, 2015ರಲ್ಲಿ ರಾಷ್ಟ್ರೀಯ ಆಹಾರ ಅಪರಾಧ ಘಟಕವನ್ನು ಸ್ಥಾಪಿಸಿತು. ಕಲಬೆರಕೆಯನ್ನು ಕೇವಲ ನೈರ್ಮಲ್ಯದ ಲೋಪವೆಂದು ಎಣಿಸದೆ, ಹಣಕ್ಕಾಗಿ ಯೋಜಿಸಿ ಮಾಡುವ ಅಪರಾಧವೆಂದು ಪರಿಗಣಿಸಿ, ಬೆಲೆ, ತೂಕ ಹಾಗೂ ಸಾಗಾಟದ ಅಂಕಿಅಂಶಗಳಿಂದ ಅದನ್ನು ಹುಡುಕುವ ಕ್ರಮವು ಅಲ್ಲಿಂದ ಬಲಗೊಂಡಿತು.

2. ನಮ್ಮ ಕಾನೂನಿನಲ್ಲಿ ಬ್ಯಾಚ್‌ನ ಮಹತ್ವ

ಆಹಾರ ಸುರಕ್ಷತೆ ಮತ್ತು ಮಾನಕಗಳ ಅಧಿನಿಯಮ, 2006ರ ನಾಲ್ಕು ಉಪಬಂಧಗಳನ್ನು ಪ್ರತಿಯೊಬ್ಬ ಆಹಾರ ವರ್ತಕನೂ ತಿಳಿದಿರತಕ್ಕದ್ದು.

ಪ್ರಕರಣ 26(5): ಒಂದು ಬ್ಯಾಚ್, ಲಾಟ್ ಅಥವಾ ರವಾನೆಯ ಭಾಗವಾದ ಆಹಾರವು ಅಸುರಕ್ಷಿತವೆಂದು ಕಂಡುಬಂದರೆ, ವಿವರವಾದ ಪರಿಶೀಲನೆಯಿಂದ ಬೇರೆ ರೀತಿ ಸಿದ್ಧವಾಗದ ಹೊರತು, ಆ ಇಡೀ ಬ್ಯಾಚ್ ಅಸುರಕ್ಷಿತವೆಂದು ಭಾವಿಸಲಾಗುತ್ತದೆ.

ಪ್ರಕರಣ 27(3): ಯಾವ ತಯಾರಕನಿಂದ ಅಥವಾ ವಿತರಕನಿಂದ ಬಂದುದೆಂದು ಗುರುತಿಸಲಾಗದ ಆಹಾರವನ್ನು ಮಾರಿದರೆ, ಮಾರಾಟಗಾರನೇ ಹೊಣೆಗಾರನಾಗುತ್ತಾನೆ.

ಪ್ರಕರಣ 28: ತಾನು ಮಾರಿದ ಆಹಾರವು ಕಾನೂನಿಗೆ ಅನುಗುಣವಾಗಿಲ್ಲವೆಂದು ನಂಬಲು ಕಾರಣವಿದ್ದರೆ, ಅದನ್ನು ಹಿಂಪಡೆಯುವ ಕ್ರಮವನ್ನು ಉದ್ದಿಮೆದಾರನೇ ಕೂಡಲೇ ಆರಂಭಿಸಬೇಕು.

ಪ್ರಕರಣ 80: ಅಪರಾಧವನ್ನು ತಡೆಯಲು ಎಲ್ಲ ಯುಕ್ತ ಎಚ್ಚರಿಕೆಗಳನ್ನು ವಹಿಸಿದ್ದೆನೆಂದು ರುಜುವಾತುಪಡಿಸುವುದು ಆರೋಪಿಗೆ ಒಂದು ರಕ್ಷಣೆ.

ಮೊದಲನೆಯ ಉಪಬಂಧವನ್ನು ಮತ್ತೊಮ್ಮೆ ಓದಿರಿ. ಬ್ಯಾಚ್ ಎಷ್ಟು ದೊಡ್ಡದಿರಬೇಕೆಂಬುದನ್ನು ನಿರ್ಧರಿಸುವವರು ನಾವೇ. ದಿನಕ್ಕೆ 1,000 ಕಿಲೋ ಪುಡಿ ಮಾಡುವವನು ವಾರದ ಆರು ದಿನಗಳ ಉತ್ಪಾದನೆಗೆ ಒಂದೇ ಬ್ಯಾಚ್ ಸಂಖ್ಯೆ ಕೊಟ್ಟರೆ, ಒಂದು ಪೊಟ್ಟಣದ ದೋಷಕ್ಕೆ 6,000 ಕಿಲೋ ಸಂಶಯಕ್ಕೆ ಒಳಗಾಗುತ್ತದೆ. ದಿನಕ್ಕೊಂದು ಸಂಖ್ಯೆ ಕೊಟ್ಟವನಿಗೆ 1,000 ಕಿಲೋ ಮಾತ್ರ. ಬ್ಯಾಚ್ ಸಂಖ್ಯೆಯು ಪೊಟ್ಟಣದ ಮೇಲಿನ ಶಾಸ್ತ್ರಕ್ಕಾಗಿ ಇರುವುದಲ್ಲ. ಅದು ನಮ್ಮ ನಷ್ಟದ ಎಲ್ಲೆಗಲ್ಲು.

3. ಒಂದು ಕಹಿ ಅನುಭವ

ಸುಮಾರು ಹನ್ನೆರಡು ವರ್ಷಗಳ ಹಿಂದೆ ನನ್ನ ಕಕ್ಷಿದಾರರೊಬ್ಬರು ಸಂಜೆಯ ಹೊತ್ತಿನಲ್ಲಿ ಕಚೇರಿಗೆ ಬಂದು ಏನನ್ನೂ ಮಾತನಾಡದೆ ಕುಳಿತರು. ಅವರದು ಎರಡು ಗಿರಣಿಗಳ ಮೆಣಸಿನ ಪುಡಿಯ ಸಣ್ಣ ಘಟಕ. ದೊಡ್ಡ ಖರೀದಿದಾರರೊಬ್ಬರಿಗೆ ಪುಡಿ ಒದಗಿಸುತ್ತಿದ್ದರು. ಒಂದು ಮಾದರಿಯಲ್ಲಿ ಅನುಮತಿಯಿಲ್ಲದ ಬಣ್ಣ ಕಂಡುಬಂದಿದೆ, ಯಾವ ಚೀಲಗಳಿಂದ ತಯಾರಾದುದೆಂದು ತಿಳಿಸಿರಿ ಎಂದು ಖರೀದಿದಾರರು ಪತ್ರ ಬರೆದಿದ್ದರು. ಇವರ ಬ್ಯಾಚ್ ಸಂಖ್ಯೆಯೆಂದರೆ ತಿಂಗಳು ಮತ್ತು ವರ್ಷ, ಅಷ್ಟೇ. ಆ ತಿಂಗಳು ಬೇಡಿಕೆ ಹೆಚ್ಚಿದ್ದುದರಿಂದ ಬೇರೊಂದು ಘಟಕದಿಂದ ಕೆಲವು ಚೀಲ ಸಿದ್ಧ ಪುಡಿಯನ್ನು ಕೊಂಡು ತಮ್ಮ ಪುಡಿಯೊಂದಿಗೆ ಸೇರಿಸಿದ್ದರು. ಯಾವ ದಿನ, ಎಷ್ಟು ಚೀಲ, ಯಾವ ಪೊಟ್ಟಣಗಳಿಗೆ ಎಂಬುದು ಎಲ್ಲಿಯೂ ಬರೆದಿರಲಿಲ್ಲ. ಕಡೆಗೆ ಇಡೀ ತಿಂಗಳ ಮಾಲನ್ನು ಹಿಂದಕ್ಕೆ ಪಡೆಯಬೇಕಾಯಿತು. ಒಂದು ಗಿರಣಿಯನ್ನು ಮಾರಿ ಬ್ಯಾಂಕಿನ ಸಾಲ ತೀರಿಸಿದರು.

ಈ ಪ್ರಸಂಗದಲ್ಲಿ ನನ್ನ ಪಾಲೂ ಇದೆ ಎಂಬುದನ್ನು ಮರೆಮಾಚಲಾರೆ. ಅವರ ಲೆಕ್ಕಪತ್ರಗಳನ್ನು ಪ್ರತಿ ವರ್ಷವೂ ಪರಿಶೋಧಿಸಿದವನು ನಾನೇ. ರೂಪಾಯಿಯ ಲೆಕ್ಕ ಪೈಸೆಯವರೆಗೂ ಸರಿಯಾಗಿತ್ತು. ದಾಸ್ತಾನಿನ ಸಾಲಿನಲ್ಲಿ ಮಾತ್ರ ‘ಮಾಲೀಕರು ಪ್ರಮಾಣೀಕರಿಸಿದಂತೆ’ ಎಂದು ಬರೆದು ಸಹಿ ಹಾಕಿದ್ದೆ. ಕಿಲೋ ಲೆಕ್ಕವನ್ನು ನಾನು ಕೇಳಿರಲಿಲ್ಲ, ಅವರು ಇಟ್ಟಿರಲಿಲ್ಲ. ಅಂದು ಕೇಳಿದ್ದರೆ ಆ ಹೊರಗಿನ ಚೀಲಗಳು ಕಣ್ಣಿಗೆ ಬೀಳುತ್ತಿದ್ದವು.

4. ತೂಕದ ತಾಳೆಪಟ್ಟಿ

ವಾಣಿಜ್ಯ ಪದವಿಯ ಮೊದಲ ವರ್ಷದಲ್ಲಿಯೇ ತಾಳೆಪಟ್ಟಿಯನ್ನು ಕಲಿಯುತ್ತೇವೆ. ಅದೇ ತತ್ವವನ್ನು ತೂಕಕ್ಕೆ ಅನ್ವಯಿಸುವುದೇ ಆಹಾರ ವಂಚನೆಯ ತನಿಖೆಯಲ್ಲಿ ಬಳಸುವ ‘ಮಾಸ್ ಬ್ಯಾಲೆನ್ಸ್’ ಪದ್ಧತಿ. ಒಳಗೆ ಬಂದ ತೂಕಕ್ಕಿಂತ ಹೊರಗೆ ಹೋದ ತೂಕವು ಕಾರಣವಿಲ್ಲದೆ ಹೆಚ್ಚಾಗಲಾರದು. ಒಂದು ಕಾಲ್ಪನಿಕ ಉದಾಹರಣೆಯನ್ನು ನೋಡೋಣ.

ಆರಂಭಿಕ ದಾಸ್ತಾನು, ಒಣಮೆಣಸಿನಕಾಯಿ: 2,000 ಕಿಲೋ
ತಿಂಗಳ ಖರೀದಿ: 10,000 ಕಿಲೋ
ಅಂತಿಮ ದಾಸ್ತಾನು: 1,500 ಕಿಲೋ
ಗಿರಣಿಗೆ ಹೋದದ್ದು: 10,500 ಕಿಲೋ
ತೊಟ್ಟು, ತೇವ, ಧೂಳಿನ ನಷ್ಟ (ಶೇ. 6 ಎಂದಿಟ್ಟುಕೊಳ್ಳೋಣ): 630 ಕಿಲೋ
ಬರಬೇಕಾದ ಪುಡಿ: 9,870 ಕಿಲೋ
ಪುಡಿಯ ಆರಂಭಿಕ ದಾಸ್ತಾನು 300, ಅಂತಿಮ ದಾಸ್ತಾನು 200; ಆದ್ದರಿಂದ ಮಾರಲು ಸಾಧ್ಯವಿದ್ದುದು: 9,970 ಕಿಲೋ
ಬಿಲ್ಲುಗಳ ಪ್ರಕಾರ ಮಾರಿದ್ದು: 10,900 ಕಿಲೋ
ವ್ಯತ್ಯಾಸ: 930 ಕಿಲೋ

ಈ 930 ಕಿಲೋ ಎಲ್ಲಿಂದ ಬಂದಿತು? ಸಿದ್ಧ ಪುಡಿಯನ್ನು ಹೊರಗಿನಿಂದ ಕೊಂಡಿರಬಹುದು, ರೈತರಿಂದ ಬಿಲ್ಲಿಲ್ಲದೆ ಕಾಯಿ ಕೊಂಡಿರಬಹುದು, ನಷ್ಟದ ಪ್ರಮಾಣವು ನಿಜವಾಗಿ ಕಡಿಮೆಯಿರಬಹುದು, ಅಥವಾ ಕಲಬೆರಕೆಯಾಗಿರಬಹುದು. ಲೆಕ್ಕವು ಪ್ರಶ್ನೆಯನ್ನು ಎತ್ತುತ್ತದೆಯೇ ಹೊರತು ಉತ್ತರವನ್ನು ಹೇಳುವುದಿಲ್ಲ. ಆದರೆ ಪ್ರಶ್ನೆಯು ಮೊದಲು ನಮ್ಮ ಮೇಜಿನ ಮೇಲೆ ಏಳಬೇಕು, ತನಿಖಾಧಿಕಾರಿಯ ಮೇಜಿನ ಮೇಲಲ್ಲ.

5. ಗಣಕಯಂತ್ರವು ಅನುಮಾನಿಸುವ ಬಗೆ

ಮೇಲಿನ ಲೆಕ್ಕವನ್ನು ಈಗ ಯಂತ್ರಗಳು ಲಕ್ಷಾಂತರ ಬಿಲ್ಲುಗಳ ಮೇಲೆ ಏಕಕಾಲದಲ್ಲಿ ಮಾಡಬಲ್ಲವು. 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ ವ್ಯವಸ್ಥೆ ಜಾರಿಗೆ ಬಂದಾಗ, ರಾಜ್ಯದೊಳಗಿನ ಸಾಗಾಟಕ್ಕೂ ಅದನ್ನು ಅಂದೇ ಅನ್ವಯಿಸಿದ ರಾಜ್ಯ ಕರ್ನಾಟಕ. ಇ-ಇನ್‌ವಾಯ್ಸ್ ಪದ್ಧತಿಯು 2020ರ ಅಕ್ಟೋಬರ್‌ನಲ್ಲಿ 500 ಕೋಟಿ ರೂಪಾಯಿ ಮೀರಿದ ವಹಿವಾಟಿನವರಿಂದ ಆರಂಭವಾಗಿ, 2023ರ ಆಗಸ್ಟ್ 1ರಿಂದ 5 ಕೋಟಿ ಮೀರಿದವರಿಗೂ ಅನ್ವಯಿಸಿತು. ಯಾವ ಸರಕು, ಎಷ್ಟು ತೂಕ, ಯಾವ ವಾಹನ, ಯಾರಿಂದ ಯಾರಿಗೆ ಎಂಬುದೆಲ್ಲವೂ ಹೀಗೆ ದಾಖಲಾಗುತ್ತಿದೆ.

ಇಂತಹ ಮಾಹಿತಿಯಿಂದ ಸಾಮಾನ್ಯವಾಗಿ ಮೂರು ಬಗೆಯ ಪರಿಶೀಲನೆ ಸಾಧ್ಯ. ಒಂದು, ಅಸಂಗತಿಯ ಶೋಧ: ಒಂದೇ ವಾಹನವು ಒಂದೇ ಗಂಟೆಯಲ್ಲಿ ದೂರದ ಎರಡು ಊರುಗಳಲ್ಲಿರುವುದು, ಕಾಯಿಯ ಬೆಲೆಗಿಂತ ಪುಡಿಯ ಬೆಲೆ ಕಡಿಮೆಯಿರುವುದು ಇತ್ಯಾದಿ. ಎರಡು, ಸಂಬಂಧಜಾಲದ ವಿಶ್ಲೇಷಣೆ: ಬೇರೆ ಬೇರೆ ಹೆಸರಿನ ಸಂಸ್ಥೆಗಳ ದೂರವಾಣಿ, ಬ್ಯಾಂಕ್ ಖಾತೆ ಅಥವಾ ವಿಳಾಸ ಒಂದೇ ಆಗಿರುವುದನ್ನೂ, ಸರಕು ಚಲಿಸದೆ ಬಿಲ್ಲು ಮಾತ್ರ ವೃತ್ತಾಕಾರವಾಗಿ ಸುತ್ತುವುದನ್ನೂ ಇದು ತೋರಿಸುತ್ತದೆ. ಮೂರು, ಅಂಕಿಗಳ ವಿತರಣೆ: ಸಹಜವಾಗಿ ಹುಟ್ಟಿದ ಮೊತ್ತಗಳ ದೊಡ್ಡ ಪಟ್ಟಿಯಲ್ಲಿ ಮೊದಲ ಅಂಕಿ 1 ಆಗಿರುವುದು ಶೇ. 30ರಷ್ಟು, 9 ಆಗಿರುವುದು ಶೇ. 5ಕ್ಕಿಂತಲೂ ಕಡಿಮೆ. ಬೆನ್‌ಫೋರ್ಡ್ ನಿಯಮವೆಂದು ಪ್ರಸಿದ್ಧವಾದ ಇದನ್ನು 1881ರಲ್ಲಿ ಸೈಮನ್ ನ್ಯೂಕಾಂಬ್ ಗುರುತಿಸಿದರು. 1938ರಲ್ಲಿ ಫ್ರಾಂಕ್ ಬೆನ್‌ಫೋರ್ಡ್ ವಿಸ್ತಾರವಾಗಿ ಪರೀಕ್ಷಿಸಿದರು. ಮನುಷ್ಯನು ಕಲ್ಪಿಸಿ ಬರೆದ ಮೊತ್ತಗಳು ಸಾಮಾನ್ಯವಾಗಿ ಈ ಕ್ರಮವನ್ನು ಪಾಲಿಸುವುದಿಲ್ಲ. ಆದರೆ ಒಂದೇ ಬೆಲೆಯ ಪೊಟ್ಟಣಗಳನ್ನು ಮಾರುವ ಪ್ರಾಮಾಣಿಕನ ಬಿಲ್ಲುಗಳೂ ಪಾಲಿಸುವುದಿಲ್ಲ ಎಂಬುದನ್ನು ಮರೆಯಬಾರದು.

ಅನುಮಾನ ಬೇರೆ, ಪುರಾವೆ ಬೇರೆ ಎಂಬುದಕ್ಕೆ ನಮ್ಮ ರಾಜ್ಯದ್ದೇ ನಿದರ್ಶನವಿದೆ. ಯು.ಪಿ.ಐ. ಪಾವತಿಗಳ ಮಾಹಿತಿಯನ್ನು ಆಧರಿಸಿ ವಾಣಿಜ್ಯ ತೆರಿಗೆ ಇಲಾಖೆಯು ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳ ಸಣ್ಣ ವ್ಯಾಪಾರಿಗಳಿಗೆ ನೀಡಿದ ನೋಟಿಸುಗಳು 2025ರ ಜುಲೈನಲ್ಲಿ ದೊಡ್ಡ ವಿವಾದವಾದವು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷಗಳ ಸುಮಾರು 1.63 ಕೋಟಿ ರೂಪಾಯಿ ವಹಿವಾಟಿಗೆ 29 ಲಕ್ಷ ರೂಪಾಯಿ ತೆರಿಗೆ ಕೇಳಿದ ನೋಟಿಸು ಬಂದುದು ಪತ್ರಿಕೆಗಳಲ್ಲಿ ವರದಿಯಾಯಿತು. ತಾಜಾ ತರಕಾರಿಗೆ ಜಿ.ಎಸ್.ಟಿ. ಇಲ್ಲ. ಹಣ ಬಂದುದನ್ನು ಯಂತ್ರವು ಕಂಡಿತು. ಬುಟ್ಟಿಯಲ್ಲಿ ಏನಿತ್ತೆಂಬುದನ್ನು ಕಾಣಲಿಲ್ಲ. ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದು ಮುಖ್ಯಮಂತ್ರಿಗಳು ಆ ತಿಂಗಳೇ ಪ್ರಕಟಿಸಿದರು. ಪ್ರತಿ ಸಲವೂ ಹೀಗಾಗುವುದೆಂದು ನಂಬಿ ಕೂರುವುದು ವಿವೇಕವಲ್ಲ. ಬುಟ್ಟಿಯಲ್ಲಿ ಏನಿತ್ತೆಂಬುದನ್ನು ಬರೆದಿಡಬೇಕಾದವರು ನಾವೇ.

6. ಬ್ಲಾಕ್‌ಚೈನ್: ಬಲವೆಷ್ಟು, ಮಿತಿಯೆಷ್ಟು

ಬ್ಲಾಕ್‌ಚೈನ್ ಎಂಬುದನ್ನು ಸರಳವಾಗಿ ಹೇಳುವುದಾದರೆ, ಅನೇಕರ ಬಳಿ ಏಕಕಾಲದಲ್ಲಿ ಪ್ರತಿಯಿರುವ, ಒಮ್ಮೆ ಬರೆದುದನ್ನು ಅಳಿಸಲಾಗದ ಖಾತೆಪುಸ್ತಕ. ಇದು ನಮಗೆ ಹೊಸತೇನಲ್ಲ. ಖಾತೆಯಲ್ಲಿ ತಪ್ಪಾದರೆ ಗೀಚಿ ಅಳಿಸದೆ ತಿದ್ದುಪಡಿ ದಾಖಲೆಯನ್ನು ಬರೆಯಬೇಕೆಂದು ಹಿರಿಯ ಗುಮಾಸ್ತರು ಕಲಿಸುತ್ತಿದ್ದರು. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶದಲ್ಲಿ ಪ್ರತಿಯೊಂದು ಬದಲಾವಣೆಯೂ ದಾಖಲಾಗಬೇಕೆಂಬ ನಿಯಮದ ಆಶಯವೂ ಇದೇ.

ಇದರ ಬಲವನ್ನು ಅಮೆರಿಕದ ವಾಲ್‌ಮಾರ್ಟ್ ಸಂಸ್ಥೆಯ ಪ್ರಯೋಗವೊಂದು ತೋರಿಸಿತು. ಅಂಗಡಿಯಲ್ಲಿದ್ದ ಹೆಚ್ಚಿದ ಮಾವಿನಹಣ್ಣಿನ ಪೊಟ್ಟಣವು ಯಾವ ತೋಟದ್ದೆಂದು ಹಳೆಯ ಪದ್ಧತಿಯಲ್ಲಿ ಪತ್ತೆಹಚ್ಚಲು 6 ದಿನ 18 ಗಂಟೆ 26 ನಿಮಿಷ ಬೇಕಾಯಿತು; ಐ.ಬಿ.ಎಂ. ಸಹಯೋಗದ ಬ್ಲಾಕ್‌ಚೈನ್ ವ್ಯವಸ್ಥೆಯಲ್ಲಿ 2.2 ಸೆಕೆಂಡು. ನಮ್ಮಲ್ಲಿಯೂ ಕಾಫಿ ಮಂಡಳಿಯ ಬ್ಲಾಕ್‌ಚೈನ್ ಆಧಾರಿತ ಮಾರಾಟ ವೇದಿಕೆಯ ಪ್ರಯೋಗವು 2019ರ ಮಾರ್ಚ್‌ನಲ್ಲಿ ಆರಂಭವಾಯಿತು.

ಆದರೆ ಅಳಿಸಲಾಗದ ಪುಸ್ತಕದಲ್ಲಿ ಸುಳ್ಳನ್ನು ಬರೆದರೆ ಅದು ಅಳಿಸಲಾಗದ ಸುಳ್ಳಾಗುತ್ತದೆ. 2023ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ದಾಲ್ಚಿನ್ನಿ ಬೆರೆಸಿದ ಸೇಬಿನ ತಿರುಳಿನ ಪೊಟ್ಟಣಗಳನ್ನು ಹಿಂಪಡೆಯಲಾಯಿತು. ಅವುಗಳನ್ನು ತಿಂದ ಮಕ್ಕಳ ರಕ್ತದಲ್ಲಿ ಸೀಸದ ಅಂಶ ಏರಿತ್ತು. ಈಕ್ವೆಡಾರ್ ದೇಶದ ತಯಾರಕರ ಬಳಿಯಿದ್ದ ದಾಲ್ಚಿನ್ನಿ ಪುಡಿಯ ಎರಡು ಮಾದರಿಗಳಲ್ಲಿ ಕಿಲೋ ಒಂದಕ್ಕೆ 5,110 ಮತ್ತು 2,270 ಮಿಲಿಗ್ರಾಂ ಸೀಸವಿತ್ತು. ಶ್ರೀಲಂಕಾದಿಂದ ಬಂದ ಚಕ್ಕೆಯಲ್ಲಿ ಆ ದೋಷವಿರಲಿಲ್ಲ. ಅಂದರೆ ವಿಷ ಸೇರಿದ್ದು ಚಕ್ಕೆಯು ಪುಡಿಯಾಗುವ ಹಂತದಲ್ಲಿ. ಇದನ್ನು ಮೊದಲು ಬಯಲಿಗೆ ತಂದುದು ಯಾವ ತಂತ್ರಾಂಶವೂ ಅಲ್ಲ. ಮಕ್ಕಳ ರಕ್ತಪರೀಕ್ಷೆಯ ಫಲಿತಾಂಶವನ್ನು ಬೆನ್ನಟ್ಟಿದ ಆರೋಗ್ಯಾಧಿಕಾರಿಗಳು. ಗಿರಣಿ ನಡೆಸುವ ನಮ್ಮ ಸದಸ್ಯರು ಇದನ್ನು ಮನಸ್ಸಿಟ್ಟು ಓದಬೇಕೆಂದು ಕೋರುತ್ತೇನೆ. ಇಡಿಯ ಸರಕನ್ನು ಕಣ್ಣು ಪರೀಕ್ಷಿಸಬಲ್ಲದು. ಪುಡಿಯಾದ ಮೇಲೆ ನಂಬಿಕೆಯೊಂದೇ ಉಳಿಯುತ್ತದೆ.

ದಾಖಲೆಯೂ ಪರೀಕ್ಷೆಯೂ ಜಾರಿಯೂ ಕೂಡಿದಾಗ ಫಲ ದೊರೆಯುತ್ತದೆ ಎಂಬುದಕ್ಕೆ ನೆರೆಯ ಬಾಂಗ್ಲಾದೇಶವೇ ಸಾಕ್ಷಿ. ಹಳದಿ ಬಣ್ಣಕ್ಕಾಗಿ ಅರಿಶಿನಕ್ಕೆ ಸೀಸದ ಕ್ರೋಮೇಟ್ ಹಚ್ಚುವ ರೂಢಿಯು ಅಲ್ಲಿತ್ತು. ಸಂಶೋಧಕರು ಹಾಗೂ ಅಲ್ಲಿನ ಆಹಾರ ಸುರಕ್ಷತಾ ಪ್ರಾಧಿಕಾರ ಕೂಡಿ, ಕೈಯಲ್ಲಿ ಹಿಡಿಯುವ ಎಕ್ಸ್-ರೇ ಉಪಕರಣದಿಂದ ಮಾರುಕಟ್ಟೆಯಲ್ಲಿಯೇ ಪರೀಕ್ಷೆ, ದಂಡ ಹಾಗೂ ಪ್ರಚಾರವನ್ನು ಕೈಗೊಂಡರು. 2019ರಲ್ಲಿ ಮಾರುಕಟ್ಟೆಯ ಶೇ. 47ರಷ್ಟು ಮಾದರಿಗಳಲ್ಲಿ ಕಂಡ ಸೀಸವು 2021ರಲ್ಲಿ ಒಂದರಲ್ಲಿಯೂ ಕಾಣಲಿಲ್ಲ.

7. ಸಣ್ಣ ಉದ್ದಿಮೆದಾರರು ಕೈಗೊಳ್ಳಬಹುದಾದ ಕ್ರಮಗಳು

ಇವುಗಳಿಗೆ ದುಬಾರಿ ತಂತ್ರಾಂಶದ ಅಗತ್ಯವಿಲ್ಲ. ಒಂದು ನೋಂದಣಿ ಪುಸ್ತಕ ಅಥವಾ ಗಣಕದಲ್ಲಿನ ಒಂದು ಹಾಳೆ ಸಾಕು.

(ಅ) ಲಾಟ್ ಸಂಖ್ಯೆಯನ್ನು ಉಳಿಸಿಕೊಳ್ಳಿರಿ. ಬ್ಯಾಡಗಿಯಂತಹ ಮಾರುಕಟ್ಟೆಗಳ ಇ-ಟೆಂಡರ್ ಪದ್ಧತಿಯಲ್ಲಿ ರೈತನ ಪ್ರತಿಯೊಂದು ರಾಶಿಗೂ ಲಾಟ್ ಸಂಖ್ಯೆಯಿರುತ್ತದೆ. ಅಲ್ಲಿ ಹುಟ್ಟಿದ ಸಂಖ್ಯೆಯು ನಮ್ಮ ಗೋದಾಮಿನ ಬಾಗಿಲಿನಲ್ಲಿ ಕಳೆದುಹೋಗುತ್ತದೆ. ಅದನ್ನು ಚೀಲದ ಮೇಲೆಯೂ ಪುಸ್ತಕದಲ್ಲಿಯೂ ಬರೆಯಿರಿ. ರೈತರಿಂದ ನೇರವಾಗಿ ಕೊಂಡರೆ ದಿನಾಂಕ, ಊರು, ತೂಕ ನಮೂದಿಸಿ ಸಹಿ ಪಡೆದ ಖರೀದಿ ಚೀಟಿ ಇಡಿರಿ.

(ಆ) ಬ್ಯಾಚನ್ನು ಚಿಕ್ಕದಾಗಿಸಿರಿ. ಗಿರಣಿಯನ್ನು ಒಮ್ಮೆ ಸ್ವಚ್ಛಗೊಳಿಸಿದಾಗಿನಿಂದ ಮತ್ತೊಮ್ಮೆ ಸ್ವಚ್ಛಗೊಳಿಸುವವರೆಗೆ ಒಂದು ಬ್ಯಾಚ್. ಅದಕ್ಕೆ ಯಾವ ಲಾಟ್‌ಗಳು ಹೋದವು, ಅದು ಯಾವ ಬಿಲ್ಲುಗಳಲ್ಲಿ ಹೊರಟಿತು ಎಂಬುದನ್ನು ಅಂದೇ ಬರೆಯಿರಿ. ನೆನಪಿನಿಂದ ವಾರಾಂತ್ಯದಲ್ಲಿ ಬರೆದುದು ದಾಖಲೆಯಲ್ಲ.

(ಇ) ತಿಂಗಳಿಗೊಮ್ಮೆ ತೂಕದ ತಾಳೆಪಟ್ಟಿ ತಯಾರಿಸಿರಿ. ನಿಮ್ಮ ಗಿರಣಿಯ ಸಹಜ ನಷ್ಟದ ಪ್ರಮಾಣವನ್ನು ಕೆಲವು ತಿಂಗಳು ತೂಗಿ ನೋಡಿ ನಿಶ್ಚಯಿಸಿರಿ.

(ಈ) ಸರಬರಾಜುದಾರರ ಬಿಲ್ಲಿನಲ್ಲಿ 14 ಅಂಕಿಗಳ ಎಫ್.ಎಸ್.ಎಸ್.ಎ.ಐ. ಸಂಖ್ಯೆಯಿದೆಯೇ ಎಂದು ನೋಡಿರಿ. 2022ರ ಜನವರಿ 1ರಿಂದ ಅದು ಕಡ್ಡಾಯ. ಆ ಪರವಾನಗಿಯು ಚಾಲ್ತಿಯಲ್ಲಿದೆಯೇ ಎಂಬುದನ್ನು ಫಾಸ್ಕಾಸ್ ಜಾಲತಾಣದಲ್ಲಿ ಪರಿಶೀಲಿಸಬಹುದು. ತಯಾರಕರಿಂದ ನಮೂನೆ ‘ಇ’ಯಲ್ಲಿ ಖಾತರಿ ಪಡೆಯಿರಿ.

(ಉ) ಮಾರುಕಟ್ಟೆ ದರಕ್ಕಿಂತ ಅಗ್ಗವಾಗಿ ಪುಡಿ ದೊರೆತರೆ ಸಂತೋಷಪಡುವ ಮೊದಲು ಕಾರಣ ಕೇಳಿರಿ. ಹೊರಗಿನ ಪುಡಿ ಕೊಳ್ಳುವುದು ಅನಿವಾರ್ಯವಾದರೆ ಮಾನ್ಯತೆ ಪಡೆದ ಪ್ರಯೋಗಾಲಯದ ವರದಿ ಬರುವವರೆಗೆ ಅದನ್ನು ಪ್ರತ್ಯೇಕವಾಗಿಡಿರಿ.

(ಊ) ಪ್ರತಿ ಬ್ಯಾಚ್‌ನ ಮೊಹರು ಮಾಡಿದ ಒಂದು ಮಾದರಿಯನ್ನು ಬಳಕೆಯ ಅವಧಿ ಮುಗಿಯುವವರೆಗಾದರೂ ಕಾದಿಡಿರಿ. ದಾಖಲೆಗಳನ್ನು ಅದಕ್ಕಿಂತ ದೀರ್ಘಕಾಲ ಇಡಿರಿ. 2002ರ ಪುಡಿಗೆ 2005ರಲ್ಲಿ ಪ್ರಶ್ನೆ ಬಂದುದನ್ನು ನೆನೆಯಿರಿ.

(ಋ) ಆರು ತಿಂಗಳಿಗೊಮ್ಮೆ ಅಂಗಡಿಯಿಂದ ನಿಮ್ಮದೇ ಪೊಟ್ಟಣವೊಂದನ್ನು ತಂದು, ಅದರ ಕಾಯಿಯ ಮೂಲವನ್ನೂ ಅದೇ ಬ್ಯಾಚ್‌ನ ಉಳಿದ ಪೊಟ್ಟಣಗಳು ಹೋದ ಅಂಗಡಿಗಳನ್ನೂ ಎಷ್ಟು ಹೊತ್ತಿನಲ್ಲಿ ಹೇಳಬಲ್ಲಿರೆಂದು ಗಡಿಯಾರ ಹಿಡಿದು ಪರೀಕ್ಷಿಸಿರಿ.

ಈ ಶಿಸ್ತು ರೂಢಿಯಾದ ಮೇಲೆ ಕ್ಯೂ.ಆರ್. ಸಂಕೇತವನ್ನಾಗಲಿ, ಖರೀದಿದಾರರು ಕೇಳುವ ಬ್ಲಾಕ್‌ಚೈನ್ ವ್ಯವಸ್ಥೆಯನ್ನಾಗಲಿ ಅಳವಡಿಸಿಕೊಳ್ಳುವುದು ಸುಲಭ. ಶಿಸ್ತಿಲ್ಲದೆ ಅವುಗಳನ್ನು ಕೊಂಡರೆ ಖರ್ಚು ಮಾತ್ರ ಉಳಿಯುತ್ತದೆ.

ಉಪಸಂಹಾರ

ಪ್ರಕರಣ 80ರ ರಕ್ಷಣೆಯು ಬಾಯಿಮಾತಿಗೆ ದೊರೆಯುವುದಿಲ್ಲ. ಎಚ್ಚರ ವಹಿಸಿದ್ದೆನೆಂಬುದಕ್ಕೆ ಅಂದಂದೇ ಬರೆದ ಪುಸ್ತಕ ಬೇಕು. ಕಲಬೆರಕೆ ಮಾಡುವವನು ಒಬ್ಬನಾದರೂ ಅನುಮಾನವು ಅವನ ನೆರೆಯ ಎಲ್ಲ ಗಿರಣಿಗಳ ಮೇಲೂ ಬೀಳುತ್ತದೆ. ಆ ಹೊತ್ತಿನಲ್ಲಿ ಪ್ರಾಮಾಣಿಕನನ್ನು ಬೇರ್ಪಡಿಸಿ ತೋರಿಸಬಲ್ಲದ್ದು ಅವನ ಕಿಲೋ ಲೆಕ್ಕವೊಂದೇ.

ಮೇಲೆ ಹೇಳಿದ ನನ್ನ ಕಕ್ಷಿದಾರರು ಉಳಿದ ಒಂದು ಗಿರಣಿಯಲ್ಲಿ ಇಂದಿಗೂ ಉದ್ಯಮ ನಡೆಸುತ್ತಿದ್ದಾರೆ. ಗಿರಣಿಯ ಪಕ್ಕದ ಗೋಡೆಗೆ ಒಂದು ಪುಸ್ತಕವನ್ನು ದಾರದಿಂದ ಕಟ್ಟಿ ತೂಗುಹಾಕಿದ್ದಾರೆ. ಲಾಟ್, ಬ್ಯಾಚ್, ತೂಕ, ಸಮಯ ಎಂಬ ನಾಲ್ಕು ಕಲಮುಗಳು. ವರ್ಷಾಂತ್ಯದಲ್ಲಿ ದಾಸ್ತಾನಿನ ಪಟ್ಟಿಗೆ ಸಹಿ ಹಾಕುವ ಮುನ್ನ ನಾನು ಮೊದಲು ಕೇಳುವುದು ಆ ಪುಸ್ತಕವನ್ನೇ. ಸದಸ್ಯ ಮಿತ್ರರು ತಮ್ಮ ಲೆಕ್ಕಪರಿಶೋಧಕರು ಅದನ್ನು ಕೇಳದಿದ್ದರೆ ತಾವೇ ಮುಂದಾಗಿ ತೋರಿಸಬೇಕೆಂದು ವಿನಂತಿಸುತ್ತೇನೆ.